ಟಕ್ ಅಂದದ್ದು ಯಾವ ಕೀಲು?

ನಮ್ಮ ಭಾವನ ಪಿಕಪ್‌ಗೆ ಹತ್ತೊಂಬತ್ತು ವರ್ಷ. ತೆಂಗಿನಕಾಯಿ, ಕೊಬ್ಬರಿ ಮೂಟೆ, ಹಸುವಿನ ಮೇವು, ಊರ ಮದುವೆಗಳ ಶಾಮಿಯಾನ, ಅದು ಹೊರದ ಹೊರೆಯಿಲ್ಲ. ಕಳೆದ ವರ್ಷ ಅದಕ್ಕೊಂದು ಕಾಯಿಲೆ ಶುರುವಾಯಿತು. ಮೊದಲ ಗೇರು ಹಾಕಿ ಕ್ಲಚ್ಚಿನಿಂದ ಕಾಲು ತೆಗೆದರೆ ಗಾಡಿಯ ಹೊಟ್ಟೆಯೊಳಗೆಲ್ಲೋ ‘ಟಕ್’. ರಿವರ್ಸ್ ಹಾಕಿದರೆ ಇನ್ನೊಂದು ‘ಟಕ್’. ಕ್ಲಚ್ ಪ್ಲೇಟು ಹೋಗಿದೆ ಅಂದರು, ಹಾಕಿಸಿದ. ಚಕ್ರದ ಬ್ಯಾಲೆನ್ಸಿಂಗ್ ತಪ್ಪಿದೆ ಅಂದರು, ಮಾಡಿಸಿದ. ಗೇರ್‌ಬಾಕ್ಸ್ ಮೌಂಟಿಂಗ್ ಅಂದರು, ಅದನ್ನೂ ಬದಲಾಯಿಸಿದ. ಟಕ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಸಾಲದ್ದಕ್ಕೆ ಬಿ.ಎಚ್. ರಸ್ತೆಗೆ ಹತ್ತಿ ವೇಗ ಅರವತ್ತು ಮುಟ್ಟಿದರೆ ಸೀಟಿನಡಿಯಿಂದ ಜೋಂಯ್ ಎಂಬ ನಡುಕ ಬೇರೆ.

ಕೊನೆಗೆ ತಿಪಟೂರಿನ ಹೊರವಲಯದ ಒಂದು ಶೆಡ್ಡಿಗೆ ಹೋದೆವು. ಅಲ್ಲಿನ ಮೇಸ್ತ್ರಿಗೆ ಅರವತ್ತು ದಾಟಿರಬೇಕು. ಸ್ಪ್ಯಾನರ್ ಮುಟ್ಟುವ ಮೊದಲು ಅವರು ಕೇಳಿದ್ದು ಒಂದೇ ಪ್ರಶ್ನೆ: “ಟಕ್ಕು ಮೊದಲು ಬಂತೋ, ನಡುಕ ಮೊದಲು ಬಂತೋ?”

ಭಾವ ತಲೆ ಕೆರೆದುಕೊಂಡ. “ಟಕ್ಕೇ ಮೊದಲು ಮೇಸ್ತ್ರಿ. ನಡುಕ ಕ್ಲಚ್ ಹಾಕಿಸಿದ ಮೇಲೆ ಬಂದಂಗಿದೆ.”

“ಹಂಗಾದ್ರೆ ಎರಡು ಕಾಯಿಲೆ ಕಣಪ್ಪ, ಒಂದಲ್ಲ.”

ಪಿಕಪ್ಪಿನ ಇಂಜಿನ್ ಮುಂದೆ, ಗಾಡಿಯನ್ನು ತಳ್ಳುವ ಚಕ್ರ ಹಿಂದೆ. ನಡುವಿನ ಆರೇಳು ಅಡಿಯನ್ನು ದಾಟಿಸುವುದು ಪ್ರೊಪೆಲ್ಲರ್ ಶಾಫ್ಟ್ ಎಂಬ ಉಕ್ಕಿನ ಕೊಳವೆ. ಆದರೆ ಹಿಂಚಕ್ರಗಳ ಅಚ್ಚು ಕೂತ ಹೌಸಿಂಗ್ ಸ್ಪ್ರಿಂಗ್ ಪಟ್ಟಾಗಳ ಮೇಲೆ ಇರುತ್ತದೆ. ಹಳ್ಳ ಬಂದರೆ ಇಳಿಯುತ್ತದೆ, ಹೊರೆ ಹೇರಿದರೆ ಮೇಲಕ್ಕೆ ಸರಿಯುತ್ತದೆ. ನೆಟ್ಟಗಿನ ಕೊಳವೆಯನ್ನು ಬಿಗಿದು ಕಟ್ಟಿದರೆ ಮೊದಲ ಹಂಪಿಗೇ ಮುರಿಯುತ್ತದೆ. ಅದಕ್ಕೇ ಅದರ ತುದಿಗಳಿಗೆ ಯು.ಜೆ. ಕ್ರಾಸ್ ಎಂಬ ಕೀಲು, ಉದ್ದ ಹಿಗ್ಗಿ ಕುಗ್ಗಲು ಹಲ್ಲು ಹಲ್ಲಿನ ಸ್ಲಿಪ್ ಜಾಯಿಂಟು. ಉದ್ದನೆಯ ಒಂದೇ ಕೊಳವೆ ವೇಗದಲ್ಲಿ ಹಗ್ಗದ ಹಾಗೆ ಬಳುಕುತ್ತದೆಂದು ಇಂಥ ಗಾಡಿಗಳಲ್ಲಿ ಅದನ್ನು ಎರಡು ತುಂಡು ಮಾಡಿ, ನಡುವೆ ರಬ್ಬರಿನಲ್ಲಿ ಕೂರಿಸಿದ ಸೆಂಟರ್ ಬೇರಿಂಗ್ ಕೊಟ್ಟಿರುತ್ತಾರೆ.

ಕ್ರಾಸ್ ನೋಡಲು ಕೂಡಿಸುವ ಚಿಹ್ನೆಯಂತೆ ಇರುತ್ತದೆ. ಅದರ ನಾಲ್ಕು ತೋಳಿಗೆ ನಾಲ್ಕು ಟೋಪಿ, ಮೇಸ್ತ್ರಿಗಳ ಬಾಯಲ್ಲಿ ಕಪ್ಪು. ಒಂದೊಂದು ಕಪ್ಪಿನ ಒಳಗೋಡೆಗೆ ಸೂಜಿಯಂಥ ಸಣ್ಣ ಉಕ್ಕಿನ ಕಡ್ಡಿಗಳು ಒತ್ತೊತ್ತಾಗಿ ನಿಂತಿರುತ್ತವೆ. ಇಡೀ ಗಾಡಿಯ ಎಳೆತ ಹಾದುಹೋಗುವುದು ಈ ಕಡ್ಡಿಗಳ ಮೇಲೆ. ಕ್ರಾಸನ್ನು ಹಿಡಿಯುವ ಕವಲಿಗೆ ಯೋಕ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಯೋಕ್ ಅಂದರೆ ನೊಗ. ಹಳೆಯ ಎತ್ತಿನಗಾಡಿಯ ನೊಗ ಈಗ ಗಾಡಿಯ ಹೊಟ್ಟೆಯಡಿ ಸೇರಿದೆ ಅಂದುಕೊಂಡೆ. ಆ ಕಾಲದ ಗಾಡಿಯವರು ಅಚ್ಚಿಗೆ ಕೀಲೆಣ್ಣೆ ಬಿಡದೆ ಮನೆ ಬಿಡುತ್ತಿರಲಿಲ್ಲ. ಇಂಜಿನ್ ಆಯಿಲ್ ತಪ್ಪದೆ ಬದಲಾಯಿಸುವ ನಮ್ಮ ಭಾವನಿಗೆ ಕ್ರಾಸಿನ ನಡುವೆ ಒಂದು ಗ್ರೀಸ್ ನಿಪ್ಪಲ್ ಇದೆ ಎಂಬುದೇ ಗೊತ್ತಿರಲಿಲ್ಲ.

ಮೇಸ್ತ್ರಿ ಮೊದಲು ಗಾಡಿ ಓಡಿಸಿ ನೋಡಿದರು. ಖಾಲಿ ರಸ್ತೆಯಲ್ಲಿ ಐವತ್ತೈದರಿಂದ ಅರವತ್ತರ ನಡುವೆ ವೇಗ ಹಿಡಿದು, ಒಮ್ಮೆ ನಾಲ್ಕನೇ ಗೇರಿನಲ್ಲಿ, ಒಮ್ಮೆ ಮೂರನೆಯದರಲ್ಲಿ ಓಡಿಸಿದರು. ಇಂಜಿನ್ನಿನ ಸದ್ದು ಏರಿತು, ನಡುಕ ಇದ್ದಲ್ಲೇ ಇತ್ತು. ಆಮೇಲೆ ನ್ಯೂಟ್ರಲ್‌ಗೆ ತಂದು ಗಾಡಿಯನ್ನು ತೇಲಿಬಿಟ್ಟರು. ಆಗಲೂ ನಡುಕ ನಿಲ್ಲಲಿಲ್ಲ. ಇಂಜಿನ್, ಕ್ಲಚ್ ಎರಡೂ ಆರೋಪದಿಂದ ಖುಲಾಸೆ. 

ನಡುಕ ಏಕೆ ಇಷ್ಟು ಸಣ್ಣದಾಗಿ, ಜೇನುಹುಳುವಿನ ಹಾಗೆ ಕೇಳುತ್ತದೆ ಎಂಬುದಕ್ಕೆ ಲೆಕ್ಕ ಸುಲಭ. ಗಂಟೆಗೆ 60 ಕಿ.ಮೀ. ಅಂದರೆ ನಿಮಿಷಕ್ಕೆ 1,000 ಮೀಟರ್. ಟೈರಿನ ಸುತ್ತಳತೆ ಎರಡು ಮೀಟರಿನ ಸುಮಾರು ಅಂದುಕೊಂಡರೆ ಚಕ್ರ ನಿಮಿಷಕ್ಕೆ 500 ಸುತ್ತು. ಹಿಂದಿನ ಕ್ರೌನ್ ಪಿನಿಯನ್ ಚಕ್ರ ಒಂದು ಸುತ್ತಲು ಶಾಫ್ಟನ್ನು ಸುಮಾರು ನಾಲ್ಕು ಸುತ್ತಿಸುತ್ತದೆ. ಅಲ್ಲಿಗೆ ಶಾಫ್ಟು ನಿಮಿಷಕ್ಕೆ 2,000, ಸೆಕೆಂಡಿಗೆ ಮೂವತ್ತಕ್ಕೂ ಹೆಚ್ಚು ಸುತ್ತು. ಕೊಳವೆಯ ತೂಕ ಒಂದು ಕಡೆ ಹೆಚ್ಚಿದ್ದರೆ ಸುತ್ತಿಗೊಂದು ಹೊಡೆತ. ಕೀಲುಗಳ ಹೊಂದಿಕೆ ತಪ್ಪಿದ್ದರೆ ಸುತ್ತಿಗೆ ಎರಡು.

ಶೆಡ್ಡಿಗೆ ಮರಳಿ ಮೇಸ್ತ್ರಿ ಮೊದಲು ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟರು. ಗೇರಿನಲ್ಲಿ ನಿಲ್ಲಿಸಿದ ಗಾಡಿಯನ್ನು ಹಿಡಿದಿರುವುದು ಇದೇ ಶಾಫ್ಟು. ಅದನ್ನು ಬಿಚ್ಚಿದ ಕ್ಷಣ ಆ ಹಿಡಿತ ಹೋಗುತ್ತದೆ, ಇಳಿಜಾರಿದ್ದರೆ ಗಾಡಿ ಕೆಳಗಿರುವವನ ಮೇಲೇ ಹೊರಟುಬಿಡಬಹುದು. ಆಮೇಲೆ ನ್ಯೂಟ್ರಲ್ ಮಾಡಿ, ಗೋಣಿಚೀಲ ಹಾಸಿಕೊಂಡು ಕೆಳಗೆ ತೂರಿದರು. ಒಂದು ಕೈಯಲ್ಲಿ ಫ್ಲೇಂಜು, ಇನ್ನೊಂದರಲ್ಲಿ ಕೊಳವೆ ಹಿಡಿದು ಎದುರುಬದುರು ತಿರುಚಿದರು. ಮುಂದಿನ ಕ್ರಾಸು, ನಡುವಿನ ಕ್ರಾಸು ಗಟ್ಟಿಯಾಗಿದ್ದವು. ಹಿಂದಿನದಕ್ಕೆ ಕೈ ಹಾಕಿದ್ದೇ ‘ಟಕ್’. “ನೋಡಿ ಸಾರ್, ಬನ್ನಿ” ಎಂದು ನನ್ನನ್ನೂ ಕರೆದರು. ಬ್ಯಾಟರಿ ಬೆಳಕಿನಲ್ಲಿ ಕಪ್ಪಿನ ಬಾಯಿಯ ಸುತ್ತ ಅರಿಶಿನ ಕುಂಕುಮ ಕಲೆಸಿದಂಥ ಕೆಂಪು ಪುಡಿ ಕಂಡಿತು. ಗ್ರೀಸ್ ಒಣಗಿ, ಕಡ್ಡಿಗಳು ಒಂದನ್ನೊಂದು ತಿಂದು ಹುಡಿಯಾದ ತುಕ್ಕು ಅದು. ಗಟ್ಟಿ ಕೀಲಿನಲ್ಲಿ ಇರಬೇಕಾದ ಆಟ ಸೊನ್ನೆ. ಕ್ರೌನ್ ಪಿನಿಯನ್ನಿನಲ್ಲಿ ಮಾತ್ರ ಕೂದಲೆಳೆಯಷ್ಟು ಇರಲೇಬೇಕು. ಕ್ರಾಸಿನ ಸದ್ದನ್ನು ಅದರದೆಂದು ತಿಳಿದು ಹೌಸಿಂಗ್ ಬಿಚ್ಚಿಸಿಕೊಂಡವರೂ ಇದ್ದಾರಂತೆ.

ಬಿಚ್ಚುವ ಮೊದಲು ಬಿಳಿ ಬಣ್ಣದ ಡಬ್ಬಿ ಬಂತು. ಫ್ಲೇಂಜಿನ ಎರಡು ಮುಖ, ಯೋಕು, ಕೊಳವೆ, ಒಂದೊಂದು ಸೇರುವೆಗೂ ಒಂದು ಗೆರೆ. ಸ್ಲಿಪ್ ಜಾಯಿಂಟಿಗೆ ಬಂದಾಗ ಅವರ ಕೈ ನಿಂತಿತು. ಮಣ್ಣು, ಹಳೆ ಗ್ರೀಸ್ ಕೆರೆದಾಗ ಎರಡು ತುಂಡಿನ ಮೇಲೂ ಒಂದೊಂದು ಬಾಣದ ಗುರುತು ಕಂಡಿತು. ಎರಡೂ ಎದುರುಬದುರಾಗಿರಬೇಕು. ಇಲ್ಲಿ ಒಂದು ಬಾಣ ಇನ್ನೊಂದಕ್ಕಿಂತ ಒಂದು ಹಲ್ಲು ಹಿಂದೆ ಬಿದ್ದಿತ್ತು. ಕ್ಲಚ್ಚಿಗಾಗಿ ಶಾಫ್ಟು ಇಳಿಸಿದ್ದವರು ಎಳೆದು ಬೇರೆ ಮಾಡಿ, ಮತ್ತೆ ಕಣ್ಣಂದಾಜಿನಲ್ಲಿ ತುರುಕಿದ್ದರು.

ಒಂದು ಹಲ್ಲಿಗೆ ಇಷ್ಟು ರಂಪವೇ? ಈ ಕೀಲಿನ ಗುಟ್ಟೇ ಅದು. ಓರೆಯಲ್ಲಿ ಕೆಲಸ ಮಾಡುವ ಕ್ರಾಸು ತಿರುಗುವಿಕೆಯನ್ನು ಇದ್ದದ್ದು ಇದ್ದಹಾಗೆ ದಾಟಿಸುವುದಿಲ್ಲ. ಈಚೆ ಸಮನಾಗಿ ತಿರುಗಿದರೆ ಆಚೆಯದು ಒಂದು ಸುತ್ತಿನಲ್ಲಿ ಎರಡು ಸಲ ಮುನ್ನುಗ್ಗುತ್ತದೆ, ಎರಡು ಸಲ ಹಿಂಜರಿಯುತ್ತದೆ. ಓರೆ ಹತ್ತು ಡಿಗ್ರಿಯಾದರೆ ಆ ಏರಿಕೆ, ಇಳಿತ ಒಂದೊಂದೂ ಶೇ. 1.5ರಷ್ಟು. ಹದಿನಾರನೇ ಶತಮಾನದ ಇಟಲಿಯ ಕಾರ್ಡಾನೊನ ಹೆಸರು ಈ ಕೀಲಿಗೆ ಅಂಟಿಕೊಂಡಿದ್ದರೂ, ಅದರ ನಡೆಯನ್ನು ಸರಿಯಾಗಿ ಅಳೆದವನು ಹದಿನೇಳನೇ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್. ಸ್ಪ್ರಿಂಗಿನ ನಿಯಮಕ್ಕೆ ಶಾಲೆಯಲ್ಲಿ ನಾವು ಓದಿದ ಹುಕ್ಕನೇ. ಈ ದೋಷಕ್ಕೆ ಮದ್ದು ಇನ್ನೊಂದು ಕ್ರಾಸು: ಓರೆ ಸಮವಾಗಿದ್ದು, ಕೊಳವೆಯ ಎರಡೂ ತುದಿಯ ಯೋಕುಗಳು ಒಂದೇ ನೇರದಲ್ಲಿದ್ದರೆ ಮೊದಲನೆಯದರ ತಪ್ಪನ್ನು ಎರಡನೆಯದು ಅಳಿಸಿಹಾಕುತ್ತದೆ. ಮೇಸ್ತ್ರಿ ಡಿಗ್ರಿಯ ಮಾತೆತ್ತಲಿಲ್ಲ. “ಒಂದು ಮುಗ್ಗರಿಸಿದಾಗ ಇನ್ನೊಂದು ಕೈ ಹಿಡೀಬೇಕು. ಹಲ್ಲು ತಪ್ಪಿದ್ರೆ ಎರಡೂ ಹೊತ್ತಲ್ಲದ ಹೊತ್ನಲ್ಲಿ ಮುಗ್ಗರಿಸ್ತವೆ” ಅಂದರು. ಹುಕ್ ಕೇಳಿದ್ದರೆ ತಲೆದೂಗುತ್ತಿದ್ದ.

ಕ್ರಾಸ್ ಹೊಡೆಯುವ ಕೆಲಸ ನೋಡಲು ಒರಟು, ಮಾಡಲು ನಾಜೂಕು. ನಾಲ್ಕು ಲಾಕುಗಳನ್ನು ಇಕ್ಕಳದಿಂದ ಎಬ್ಬಿಸಿ, ಯೋಕಿನ ಕಿವಿಯನ್ನು ವೈಸಿನ ಮೇಲೆ ಕೂರಿಸಿ, ಸಾಕೆಟ್ಟಿನ ಮೇಲೆ ಸುತ್ತಿಗೆಯಿಂದ ಹೊಡೆದು ಕಪ್ಪುಗಳನ್ನು ಹೊರದಬ್ಬಿದರು. ಏಟೆಲ್ಲ ಯೋಕಿನ ಗಟ್ಟಿ ಭಾಗಕ್ಕೆ. ಕೊಳವೆಗೆ ಒಂದು ನೆಗ್ಗು ಬಿದ್ದರೂ ಶಾಫ್ಟು ತೂಕ ತಪ್ಪುತ್ತದೆ. ಕೊಳವೆಯ ಮೈಗೆ ಬೆಸೆದ ಚಿಕ್ಕ ತಗಡಿನ ತುಂಡುಗಳೂ ತೂಕಕ್ಕೆಂದೇ ಇಟ್ಟವು, ಕಸವೆಂದು ಕಿತ್ತುಹಾಕಬಾರದು. ಹಳೆ ಕ್ರಾಸಿನ ತೋಳುಗಳ ಮೇಲೆ ಬೆರಳು ಸವರಿದೆ. ಕಡ್ಡಿಗಳು ಕೂತಿದ್ದ ಜಾಗ ಬಾಚಣಿಗೆಯಂತೆ ಗೆರೆಗೆರೆಯಾಗಿತ್ತು.

ಯೋಕಿನ ತೂತನ್ನು ಮೇಸ್ತ್ರಿ ಎರಡು ಸಲ ಒರೆಸಿ ನೋಡಿದರು. ಅದು ಉದ್ದುದ್ದಕ್ಕೆ ಸವೆದಿದ್ದರೆ ಹೊಸ ಕ್ರಾಸು ಹಾಕಿ ಪ್ರಯೋಜನವಿಲ್ಲ. ಹೊಸ ಯೋಕು ಬೆಸೆಸಿ, ಬ್ಯಾಲೆನ್ಸ್ ಮಾಡಿಸಬೇಕು, ಅದು ಲೇತಿನವರ ಕೆಲಸ. ಭಾವನ ಅದೃಷ್ಟ, ತೂತು ದುಂಡಗೇ ಇತ್ತು. ಹೊಸ ಕಪ್ಪು ಒತ್ತುವಾಗ ಒಂದರ ಲಾಕು ಕೂರಲಿಲ್ಲ, ಕೂದಲೆಳೆ ಜಾಗ ಸಾಲದು. ಶೆಡ್ಡಿನ ಹುಡುಗ ಇನ್ನೊಂದೇಟು ಹಾಕಲು ಸುತ್ತಿಗೆ ಎತ್ತಿದ. “ತಡಿಯೋ!” ಎಂದು ಮೇಸ್ತ್ರಿ ಕಪ್ಪನ್ನು ಹೊರತೆಗೆದರು. ಒಂದು ಕಡ್ಡಿ ಜಾರಿ ತಳದಲ್ಲಿ ಅಡ್ಡ ಮಲಗಿತ್ತು. ಗ್ರೀಸಿನ ಅಂಟಿನಲ್ಲಿ ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿ ಒತ್ತಿದರು, ಲಾಕು ಕ್ಲಿಕ್ ಎಂದು ಕೂತಿತು. ಆಮೇಲೆ ಯೋಕಿನ ಕಿವಿಗೆ ಎರಡು ಮೆತ್ತನೆಯ ಏಟು. ಬಿಗಿದುಕೊಂಡಿದ್ದ ಕೀಲು ಸಡಿಲಗೊಂಡು, ಬೆರಳಲ್ಲಿ ತಳ್ಳಿದರೆ ತಡೆಯಿಲ್ಲದೆ ವಾಲಿತು. ನಾಲ್ಕೂ ಕಪ್ಪಿನ ಅಂಚಲ್ಲಿ ಹೊಸ ಗ್ರೀಸ್ ಇಣುಕುವವರೆಗೆ ಗನ್ನಿನಿಂದ ಹೊಡೆದು, ಬಾಣಕ್ಕೆ ಬಾಣ, ಗೆರೆಗೆ ಗೆರೆ ಸೇರಿಸಿ ಶಾಫ್ಟು ಏರಿಸಿದರು.

ಮತ್ತೆ ರಸ್ತೆಗಿಳಿದು ವೇಗ ಅರವತ್ತು ಮುಟ್ಟಿದಾಗ ಭಾವ ಸ್ಟೇರಿಂಗಿನಿಂದ ಒಂದು ಕೈ ತೆಗೆದು ಸೀಟು ಮುಟ್ಟಿ ನೋಡಿದ. ನಡುಕವಿಲ್ಲ. ಬಿಲ್ಲಿನಲ್ಲಿ ಒಂದು ಕ್ರಾಸ್ ಕಿಟ್ಟು, ಅರ್ಧ ದಿನದ ಕೂಲಿ. ಒಂದು ಹಲ್ಲು ತಿರುಗಿಸಿದ್ದಕ್ಕೆ ಮೇಸ್ತ್ರಿ ಏನೂ ಹಾಕಿರಲಿಲ್ಲ.

ನಿಮ್ಮ ಮನೆಯಲ್ಲೂ ಹಳೆ ಪಿಕಪ್ ಇದ್ದರೆ ಈ ಭಾನುವಾರ ಕೆಳಗೆ ತೂರಿ ಶಾಫ್ಟನ್ನು ಒಮ್ಮೆ ತಿರುಚಿ ನೋಡಿ, ನಿಪ್ಪಲ್ಲಿನ ಮೇಲಿನ ಮಣ್ಣು ಒರೆಸಿ ಗ್ರೀಸ್ ಹೊಡೆಸಿ. ಚಕ್ರಕ್ಕೆ ಕಲ್ಲು ಕೊಡುವುದನ್ನು ಮಾತ್ರ ಮರೆಯಬೇಡಿ.