ಕರೆಂಟು ಹೋದಾಗ ಮನೆಗೆ ಬೇಕಾದುದೆಷ್ಟು?

ಇನ್ವರ್ಟರು ತರಲು ಪೇಟೆಗೆ ಹೊರಡುವ ಮುನ್ನ ಲೆಕ್ಕ ಹಾಕಿರಿ. ನಮ್ಮ ಸೊಲ್ಲಾಪುರ ಸೀಮೆಯ ಸೆಕೆಗೆ ಎರಡು ಫ್ಯಾನು ಬೇಕೇ ಬೇಕು: 150 ವ್ಯಾಟು. ನಾಲ್ಕು ಎಲ್.ಇ.ಡಿ. ದೀಪಗಳಿಗೆ 36. ಹನ್ನೆರಡು ವೋಲ್ಟಿನ, 150 ಆಂಪಿಯರ್-ಗಂಟೆಯ ಬ್ಯಾಟರಿ ಹಿಡಿಯುವುದು 1800 ವ್ಯಾಟು-ಗಂಟೆ. ನಷ್ಟ ಕಳೆದು, ಪೂರ್ತಿ ಬರಿದು ಮಾಡದೆ ಬಳಸಿದರೆ ಸುಮಾರು ಆರು ತಾಸು ನಡೆದೀತು. ಮಕ್ಕಳ ಓದಿಗೆ ಸಾಕು. ಐದು ಎಚ್.ಪಿ. ಪಂಪಿಗೆ ಮಾತ್ರ ಇದು ಸಾಲದು. ಅದಕ್ಕೆಂದು ಹಲವರು ಜನರೇಟರು ತರುತ್ತಾರೆ.

ಅದರ ತಂತಿಯನ್ನು ಮನೆಯ ಪ್ಲಗ್ಗಿಗೇ ಸಿಕ್ಕಿಸುವ ಜಾಣರನ್ನು ನಾವು ಬಲ್ಲೆವು. ಆ ವಿದ್ಯುತ್ತು ಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ 11,000 ವೋಲ್ಟಿಗೆ ಏರಿ, ದುರಸ್ತಿಗೆಂದು ಕಂಬ ಹತ್ತಿದ ಲೈನ್‌ಮನ್‌ನ ಜೀವವನ್ನೇ ತೆಗೆದೀತು. ಚೇಂಜ್‌ಓವರ್ ಸ್ವಿಚ್ಚು ಹಾಕಿಸದೆ ಜನರೇಟರು ಹಚ್ಚಬೇಡಿರಿ. ಅದರ ಹೊಗೆಯೂ ವಿಷವೇ. ಯಂತ್ರವು ಮನೆಯ ಹೊರಗೆ, ಕಿಟಕಿಗಳಿಂದ ದೂರವಿರಲಿ.