ಸಣ್ಣ ಕರುಳಿನ ಒಂದು ರೋಗವೂ ಗೋಧಿಯೂ

ಶ್ರೀರಂಗಪಟ್ಟಣ, ಪಾಂಡವಪುರಗಳ ಕಾಲುವೆಯ ಬಯಲಿನಲ್ಲಿ ಬತ್ತ. ನಾಗಮಂಗಲ, ಕೃಷ್ಣರಾಜಪೇಟೆಗಳ ಬೆದ್ದಲಿನಲ್ಲಿ ರಾಗಿ. ಈ ಸೀಮೆಯ ಊಟವೆಂದರೆ ಬಹುಕಾಲ ಇವೆರಡೇ. ಗೋಧಿಯು ಹಬ್ಬದ ಹೋಳಿಗೆಗೂ ನೆಂಟರ ಉಪ್ಪಿಟ್ಟಿಗೂ ಬರುತ್ತಿದ್ದ ಅತಿಥಿ; ಈಗ ಅನೇಕ ಮನೆಗಳಲ್ಲಿ ನಿತ್ಯದ ಆಹಾರವಾಗಿದೆ. ಆದುದರಿಂದ ಗೋಧಿಯ ದೆಸೆಯಿಂದ ಕೆಲವರಿಗೆ ಉಂಟಾಗುವ ಸೀಲಿಯಾಕ್ ರೋಗದ ಲಕ್ಷಣಗಳನ್ನು ನಾವೂ ಅರಿತಿರುವುದು ಅವಶ್ಯ.

ಸಣ್ಣ ಕರುಳು ಹೆಸರಿಗೆ ಸಣ್ಣದು. ಉದ್ದವು ಸುಮಾರು 20 ಅಡಿ. ಅದರ ಒಳಮೈಯಲ್ಲಿ ಮಖಮಲ್ಲಿನ ನವಿರಿನಂತೆ ಲಕ್ಷಾಂತರ ಅಂಕುರಗಳುಂಟು. ಅನ್ನದ ಸಾರವನ್ನು ಹೀರಿ ರಕ್ತಕ್ಕೆ ಸೇರಿಸುವುವು ಇವೇ. ಗೋಧಿ, ಬಾರ್ಲಿಗಳಲ್ಲಿರುವ ಗ್ಲೂಟೆನ್ ಎಂಬ ಅಂಟು ಪದಾರ್ಥದಿಂದ ಕೆಲವರ ದೇಹದ ರಕ್ಷಣಾಶಕ್ತಿಯು ಕೆರಳಿ ಸ್ವಂತ ಕರುಳಿನ ಮೇಲೆಯೇ ತಿರುಗಿಬೀಳುತ್ತದೆ. ಅಂಕುರಗಳು ಸವೆಯುತ್ತವೆ, ಉಂಡುದು ಮೈಗೆ ಹತ್ತುವುದಿಲ್ಲ.

ಮಗುವಾದರೆ ಹೊಟ್ಟೆ ಉಬ್ಬಿ, ಕೈಕಾಲು ಸೊರಗಿ, ವಯಸ್ಸಿಗೆ ತಕ್ಕ ಬೆಳವಣಿಗೆ ಕಾಣದು; ಮಲವು ಸಡಿಲವಾಗಿ, ಬಿಳಿಚಿ, ದುರ್ಗಂಧದಿಂದ ಕೂಡಿರುವುದು. ನಮ್ಮವರು ಕೂಡಲೇ ಜಂತುಹುಳುವೆಂದು ನಿಶ್ಚಯಿಸಿಬಿಡುತ್ತಾರೆ. ವಯಸ್ಕರಲ್ಲಿ ಗುರುತಿಸುವುದು ಇನ್ನೂ ಕಷ್ಟ. ಭೇದಿಯೇ ಇಲ್ಲದೆ, ಕಬ್ಬಿಣದ ಮಾತ್ರೆಗೂ ಜಗ್ಗದ ರಕ್ತಹೀನತೆ, ಆಯಾಸ, ಬಾಯಿಹುಣ್ಣು, ಮೂಳೆಗಳ ದೌರ್ಬಲ್ಯ, ಇಷ್ಟೇ ತೋರಬಹುದು. ಇಂಥವರಿಗೆ ನೆರೆಹೊರೆಯವರು “ಮುದ್ದೆ ಬಿಟ್ಟು ಚಪಾತಿ ತಿನ್ನಿ” ಎಂದು ಹಿತ ಹೇಳಿದರೆ ಗತಿಯೇನು!

ಕಾರಣವು ದೃಢಪಟ್ಟುದು ಒಂದು ಕ್ಷಾಮದಿಂದ. 1944-45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಬ್ರೆಡ್ಡು ದುರ್ಲಭವಾಯಿತು. ಈ ರೋಗದ ಮಕ್ಕಳು ಆಗ ಚೇತರಿಸಿಕೊಂಡು, ಬ್ರೆಡ್ಡು ಮರಳಿದೊಡನೆ ಮತ್ತೆ ನರಳಿದರು. ಮೊದಲೇ ಗೋಧಿಯನ್ನು ಶಂಕಿಸಿದ್ದ ವೈದ್ಯ ವಿಲ್ಲೆಂ ಡಿಕೆ 1950ರಲ್ಲಿ ತಮ್ಮ ಪ್ರಬಂಧವನ್ನು ಹೊರತಂದರು.

2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಂತೆ ಉತ್ತರ ಭಾರತದಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಈ ರೋಗ; ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಸುಮಾರು ಒಬ್ಬರಿಗೆ. ಹುಟ್ಟಿನೊಡನೆ ಬರುವ ಒಲವು ಎರಡೂ ಕಡೆ ಹೆಚ್ಚುಕಡಿಮೆ ಸಮವೇ. ದಿನಕ್ಕೆ ತಿನ್ನುವ ಗೋಧಿಯಾದರೋ ಅಲ್ಲಿ 455 ಗ್ರಾಂ, ಇಲ್ಲಿ 25.

ಸಂಶಯ ಬಂದವರು ತಾವಾಗಿಯೇ ಗೋಧಿಯನ್ನು ಬಿಡಬಾರದು. ಬಿಟ್ಟರೆ ರಕ್ತಪರೀಕ್ಷೆಯಲ್ಲಿ ರೋಗವು ಮರೆಯಾಗಬಹುದು. ಪರೀಕ್ಷೆಯಿಂದ ನಿಶ್ಚಯವಾದ ಮೇಲೆ ಬಿಡಬೇಕಾದುದು ಆಜೀವವಾಗಿ. ಅಕ್ಕಿ, ರಾಗಿ, ಜೋಳಗಳಿಗೆ ಅಡ್ಡಿಯಿಲ್ಲ. ರವೆ, ಮೈದಾ ಬೆರೆತ ಮದ್ದೂರು ವಡೆಯನ್ನು ಮರೆಯಬೇಕಾದುದು ವ್ಯಸನದ ಸಂಗತಿಯೇ ಸರಿ. ಅಂಗಡಿಯ ಇಂಗಿನಲ್ಲಿಯೂ ಗೋಧಿಹಿಟ್ಟು ಬೆರೆತಿರುವುದುಂಟು. ಗೋಧಿ ಬೀಸಿದ ಮಿಲ್ಲಿನಲ್ಲೇ ರಾಗಿಯನ್ನು ಹಾಕಿಸಿದರೆ ಆ ಹಿಟ್ಟೂ ಕೆಡುತ್ತದೆ. ಅಂಥ ಮನೆಯವರು ರಾಗಿಯನ್ನು ಬೇರೆಯಾಗಿಯೇ ಬೀಸಿಕೊಳ್ಳಬೇಕು.