ಮನೆ ಮಾರುವ ಮುನ್ನ ವಯರಿಂಗ್ ನೋಡಿಸಿ

ಮನೆ ಮಾರಬೇಕೆಂದು ನಿಶ್ಚಯಿಸಿದವರು ಮೊದಲು ಮಾಡಿಸುವ ಕೆಲಸ ಸುಣ್ಣ ಬಣ್ಣ. ಒಡೆದ ಹೆಂಚು ಬದಲಾಯಿಸುತ್ತಾರೆ, ಬಾವಿಯ ಕೆಸರು ತೆಗೆಸುತ್ತಾರೆ. ವಯರಿಂಗಿನ ಕಡೆಗೆ ಮಾತ್ರ ಯಾರ ಗಮನವೂ ಹೋಗುವುದಿಲ್ಲ. ಸ್ವಿಚ್ಚು ಒತ್ತಿದರೆ ದೀಪ ಉರಿಯುತ್ತದೆ, ಇನ್ನೇನು ಬೇಕು ಎಂದುಕೊಳ್ಳುತ್ತಾರೆ. ನಾವೂ ಹಾಗೆಯೇ ಎಂದುಕೊಂಡಿದ್ದೆವು.

ಕಾಸರಗೋಡಿನಲ್ಲಿದ್ದ ನಮ್ಮ ಹಿರಿಯರ ಹೆಂಚಿನ ಮನೆಯನ್ನು ಪಾಲಾದ ಬಳಿಕ ಮಾರುವುದೆಂದಾಯಿತು. ಮಳೆಗಾಲದಲ್ಲಿ ಬಾವಿಕಟ್ಟೆಯ ಪಂಪನ್ನು ಮುಟ್ಟಿದರೆ ಕೈ ಚುಳ್ ಎನ್ನುತ್ತಿತ್ತು. ಮನೆಯವರೆಲ್ಲ ಅದಕ್ಕೆ ಒಗ್ಗಿಹೋಗಿದ್ದೆವು. ರಬ್ಬರ್ ಚಪ್ಪಲಿ ಮೆಟ್ಟಿಕೊಂಡೇ ಹತ್ತಿರ ಹೋಗುತ್ತಿದ್ದೆವು. ಮನೆ ನೋಡಲು ಬಂದವರ ಜೊತೆ ಒಂದು ಚಿಕ್ಕ ಮಗುವಿತ್ತು. ಅದು ಬರಿಗಾಲಲ್ಲಿ ಬಾವಿಕಟ್ಟೆಯತ್ತ ಓಡಿದಾಗ ನನ್ನ ಎದೆ ಧಸಕ್ಕೆಂದಿತು. ಮರುದಿನವೇ ವಯರ್‌ಮನ್ನನ್ನು ಕರೆಸಿದೆ.

ಆತ ಅಗೆದು ನೋಡಿದರೆ ಅರ್ತ್ ತಂತಿ ಮಣ್ಣಿನೊಳಗೆ ತುಕ್ಕು ಹಿಡಿದು ತುಂಡಾಗಿತ್ತು. ಮೋಟರಿನಲ್ಲಿ ಸೋರಿದ ವಿದ್ಯುತ್ತಿಗೆ ಭೂಮಿಗಿಳಿಯಲು ದಾರಿಯಿರಲಿಲ್ಲ. ಮುಟ್ಟಿದವರ ಮೈಯೇ ಅದಕ್ಕೆ ದಾರಿಯಾಗುತ್ತಿತ್ತು.

ಕ್ರಯಪತ್ರ ನೋಂದಾಯಿಸುವಾಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವಯರಿಂಗಿನ ವರದಿ ಕೇಳುವುದಿಲ್ಲ ನಿಜ. ಆದರೆ 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೇ ಕಲಮು ಒಂದು ಮಾತು ಹೇಳುತ್ತದೆ. ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಸಾಧಾರಣ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವಿದ್ದರೆ ಅದನ್ನು ತಿಳಿಸಬೇಕು. ಬೇರೆ ಕರಾರು ಇಲ್ಲದಿದ್ದಾಗ ಇದು ಮಾರುವವನ ಹೊಣೆ. ಗೋಡೆಯೊಳಗಿನ ತಂತಿ ಯಾರ ಕಣ್ಣಿಗೂ ಕಾಣುವಂಥದ್ದಲ್ಲ. ಕಾಯಿದೆಯ ಮಾತು ಒತ್ತಟ್ಟಿಗಿರಲಿ, ನಾಳೆ ಆ ಮನೆಯಲ್ಲಿ ಅನಾಹುತವಾದರೆ ನಮಗೆ ನಿದ್ದೆ ಬಂದೀತೇ?

ಪರೀಕ್ಷೆಯನ್ನು ಪರವಾನಗಿ ಇದ್ದವರಿಂದಲೇ ಮಾಡಿಸಿ. ಕೇರಳದಲ್ಲಿ ವಯರ್‌ಮನ್ ಪರ್ಮಿಟ್ ಕೊಡುವುದು ರಾಜ್ಯದ ಇಲೆಕ್ಟ್ರಿಸಿಟಿ ಲೈಸೆನ್ಸಿಂಗ್ ಬೋರ್ಡು. ಪರ್ಮಿಟ್ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಅವರು ನೋಡಬೇಕಾದ ಸಂಗತಿಗಳು ಇವು:

ಮೊದಲನೆಯದು ಅರ್ತ್. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ತ್ ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಮಳೆಗಾಲದ ಅಳತೆಯೊಂದನ್ನೇ ನಂಬಬೇಡಿ. ಏಪ್ರಿಲ್ ತಿಂಗಳಲ್ಲೊಮ್ಮೆ ಅಳತೆ ಮಾಡಿಸಿ.

ಎರಡನೆಯದು ತಂತಿಯ ಹೊದಿಕೆ. ಹಳೆ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಎಳೆದ ರಬ್ಬರ್ ಹೊದಿಕೆಯ ತಂತಿ ಇನ್ನೂ ಇದೆ. ಅದರ ರಬ್ಬರು ಒಣಗಿ ಪುಡಿಯಾಗುತ್ತದೆ. ಬಲ್ಬು, ಉಪಕರಣಗಳನ್ನೆಲ್ಲ ತೆಗೆದಿಟ್ಟು 500 ವೋಲ್ಟಿನ ಮೆಗ್ಗರ್ ಯಂತ್ರದಿಂದ ಹೊದಿಕೆಯನ್ನು ಪರೀಕ್ಷಿಸುತ್ತಾರೆ. 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ತಂತಿ ಬದಲಾಯಿಸುವ ಯೋಚನೆ ಮಾಡಬೇಕು.

ಮೂರನೆಯದು ತಂತಿಯ ದಪ್ಪ. 2000 ವಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ದೀಪಕ್ಕೆಂದು ಹಾಕಿದ ಸಪೂರ ತಂತಿಗೆ ಅದನ್ನು ಜೋಡಿಸಿದರೆ ತಂತಿ ಕಾಯುತ್ತದೆ. ಪದೇಪದೇ ಬೀಳುತ್ತದೆಂದು ಸಣ್ಣ ಎಂ.ಸಿ.ಬಿ. ತೆಗೆದು ದೊಡ್ಡದು ಹಾಕಿದ್ದರೆ ಅಪಾಯ ಇನ್ನೂ ಹೆಚ್ಚು. ಎಂ.ಸಿ.ಬಿ. ಬೀಳುವ ಮೊದಲೇ ತಂತಿ ಸುಟ್ಟೀತು.

ನಾಲ್ಕನೆಯದು ಸ್ವಿಚ್ಚು ಮತ್ತು ಫ್ಯೂಸು. ಸ್ವಿಚ್ಚು ಫೇಸ್ ತಂತಿಯಲ್ಲಿರಬೇಕು. ನ್ಯೂಟ್ರಲಿನಲ್ಲಿದ್ದರೆ ದೀಪ ಆರಿದರೂ ಹೋಲ್ಡರಿನಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಹಳೆ ಬೋರ್ಡುಗಳಲ್ಲಿ ನ್ಯೂಟ್ರಲಿಗೂ ಫ್ಯೂಸು ಇದ್ದರೆ ಅದನ್ನು ತೆಗೆಸಬೇಕು.

ಐದನೆಯದು ಆರ್.ಸಿ.ಸಿ.ಬಿ. ಎಂ.ಸಿ.ಬಿ. ಕಾಯುವುದು ತಂತಿಯನ್ನು, ಮನುಷ್ಯನನ್ನು ಕಾಯುವುದು 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಅದರ ಪರೀಕ್ಷೆಯ ಗುಂಡಿ ಒತ್ತಿದಾಗ ಅದು ಕೂಡಲೇ ಬೀಳಬೇಕು. ಬಿದ್ದಿತೆಂದು ಅರ್ತ್ ಸರಿಯಿದೆ ಎಂದು ತಿಳಿಯಬೇಡಿ. ಅರ್ತ್ ಇಲ್ಲದ ಮನೆಯಲ್ಲೂ ಆ ಗುಂಡಿ ಕೆಲಸ ಮಾಡುತ್ತದೆ.

ನೋಡಿದ್ದನ್ನೆಲ್ಲ ಬರೆಸಿ, ತಾರೀಕು ಹಾಕಿಸಿ, ರುಜು ಪಡೆಯಿರಿ. ವರದಿ ಮಲಯಾಳದಲ್ಲಿದ್ದರೆ ಓದಿಸಿ ಕೇಳಿ, ಅರ್ಥವಾದ ಮೇಲೆಯೇ ಅದನ್ನು ಕೊಳ್ಳುವವರ ಕೈಗೆ ಕೊಡಿ. ಒಂದು ಪ್ರತಿ ನಿಮ್ಮಲ್ಲಿರಲಿ. ನಲವತ್ತು ವರ್ಷ ಬ್ಯಾಂಕಿನ ಲೆಜರು ಬರೆದವನ ಮಾತು ಇದು: ಕಾಗದದಲ್ಲಿ ಇಲ್ಲದ್ದು ಜಗಳದ ದಿನ ಯಾರ ನೆನಪಿನಲ್ಲೂ ಇರುವುದಿಲ್ಲ.

ಕರೆಂಟ್ ಬಿಲ್ಲಿನ ಬಾಕಿಯನ್ನೂ ತೀರಿಸಿ ರಶೀದಿ ಇಟ್ಟುಕೊಳ್ಳಿ. ಹಿಂದಿನ ಯಜಮಾನನ ವಿದ್ಯುತ್ ಬಾಕಿಯನ್ನು ನಿಯಮದಲ್ಲಿ ಅವಕಾಶವಿದ್ದರೆ ಹೊಸ ಯಜಮಾನನಿಂದಲೂ ವಸೂಲು ಮಾಡಬಹುದೆಂದು ಸುಪ್ರೀಂ ಕೋರ್ಟು 2023ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿದೆ. ಅದು ನಮ್ಮ ಕೇರಳದ ವಿದ್ಯುತ್ ಮಂಡಳಿಯೇ ಕಕ್ಷಿಯಾಗಿದ್ದ ಮೊಕದ್ದಮೆ. ಕ್ರಯವಾದ ಮೇಲೆ ಕನೆಕ್ಷನ್ ಕೊಂಡವರ ಹೆಸರಿಗೆ ಬದಲಾಗುವಂತೆಯೂ ನೋಡಿಕೊಳ್ಳಿ.

ನಮ್ಮ ಮನೆಗೆ ಹೊಸ ಅರ್ತ್ ಹಾಕಿಸಿ, ಪಂಪಿನ ಮೋಟರ್ ರಿಪೇರಿ ಮಾಡಿಸಿದೆವು. ಒಳಗಿನ ಹಳೆ ತಂತಿಯ ವಿಷಯ ಮುಚ್ಚಿಡದೆ ಹೇಳಿ, ಅದರ ಖರ್ಚನ್ನು ಕ್ರಯದಲ್ಲಿ ಮುರಿದುಕೊಂಡೆವು. ಕೈಗೆ ಬಂದ ಹಣ ಸ್ವಲ್ಪ ಕಡಿಮೆಯಾಯಿತು. ಆದರೆ ಈಗ ಆ ದಾರಿಯಲ್ಲಿ ಹೋಗುವಾಗ ಬಾವಿಕಟ್ಟೆಯ ಬಳಿ ಆ ಮಗು ಆಡುವುದು ಕಾಣುತ್ತದೆ. ನಿಂತು ಮಾತನಾಡಿಸಿ ಬರುತ್ತೇನೆ.